ತರಂಗಾಂತರವನ್ನು ಬೀಳು ಬಿಟ್ಟರೆ ನಷ್ಟ ಯಾರಿಗೆ?

ಹೊಸನಗರದ ಹತ್ತಿರ ನನ್ನ ಅಕ್ಕನ ಮನೆ. ಅಂಗಳ ದಾಟಿ ತೋಟಕ್ಕೆ ಇಳಿಯುವ ದಾರಿಯಲ್ಲಿ ಒಂದು ಹಲಸಿನ ಮರ ಇದೆ. ಆ ಮರಕ್ಕೆ ಉದ್ದನೆಯ ಅಡಿಕೆ ದಬ್ಬೆ ಕಟ್ಟಿ, ಅದರ ತುದಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಳೆಯ ಫೋನ್ ಒಂದನ್ನು ತೂಗುಹಾಕಿದ್ದಾರೆ. ಮನೆಯೊಳಗೆ ಎಲ್ಲೂ ಟವರ್ ಸಿಗುವುದಿಲ್ಲ. ಆ ಎತ್ತರದಲ್ಲಿ ಮಾತ್ರ ಎರಡು ಕಡ್ಡಿ ಬರುತ್ತವೆ. ಭಾವ ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ, ಹಾಟ್‌ಸ್ಪಾಟ್ ಆನ್ ಮಾಡಿ, ಹಗ್ಗ ಎಳೆದು ಫೋನನ್ನು ಮೇಲೇರಿಸುತ್ತಾರೆ. ಚಾರ್ಜ್ ಮುಗಿಯುವ ಹೊತ್ತಿಗೆ ಇಳಿಸುತ್ತಾರೆ. ಅಕ್ಕನ ಮಗಳು ಜಗಲಿಯ ತುದಿಯಲ್ಲಿ ಕೂತು ಆ ಹಾಟ್‌ಸ್ಪಾಟಿನಲ್ಲೇ ಪಾಠ ಕೇಳಿದಳು, ಕಾಲೇಜಿನ ಅರ್ಜಿಯನ್ನೂ ತುಂಬಿದಳು. ಆಷಾಢದ ಮಳೆ ಹಿಡಿದರೆ ಅದೂ ಇಲ್ಲ.

ಹೋದ ಸಲ ಹೋದಾಗ ಭಾವ ಕೇಳಿದರು: "ಅಲ್ಲ ಮಾರಾಯ, ಶಿವಮೊಗ್ಗದಲ್ಲಿ 5ಜಿ ಅಂತೆ. ಪೇಪರಲ್ಲಿ ನೋಡಿದ್ರೆ 6ಜಿ ಅಂತೆ. ಲಕ್ಷ ಕೋಟಿಗೆ ಗಾಳಿ ಹರಾಜು ಹಾಕಿದ್ರಲ್ಲ, ಈ ನಮ್ಮನೆ ಮೇಲಿನ ಗಾಳಿ ಯಾರು ತಗಂಡ್ರು?"

ಅವರು ಸುಮ್ನೆ ಮಾತಿಗೆ ಕೇಳಿದ್ದಲ್ಲ. ಉತ್ತರ ಬೇಕಿತ್ತು. ಆ ಹೊತ್ತಿಗೆ ಒಂದೇ ಮಾತಿನಲ್ಲಿ ಹೇಳಲು ನನಗೆ ಆಗಲಿಲ್ಲ. ಇಲ್ಲಿ ಹೇಳಲು ನೋಡುತ್ತೇನೆ.

ಡೊಳ್ಳು ಕೇಳುತ್ತದೆ, ತಾಳ ಕೇಳುವುದಿಲ್ಲ

ಮೊಬೈಲ್ ಮಾತಾಡುವುದು ರೇಡಿಯೊ ತರಂಗದ ಮೂಲಕ. ಈ ತರಂಗ ಒಂದು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವುದೇ ಅದರ ಆವರ್ತನ. ಸೆಕೆಂಡಿಗೆ ಹತ್ತು ಲಕ್ಷ ಸಲ ಆದರೆ ಒಂದು ಮೆಗಾಹರ್ಟ್ಸ್. ಸಾವಿರ ಮೆಗಾಹರ್ಟ್ಸ್ ಸೇರಿದರೆ ಒಂದು ಗಿಗಾಹರ್ಟ್ಸ್. ಈ ಆವರ್ತನಗಳ ಸಾಲನ್ನೇ ಸ್ಪೆಕ್ಟ್ರಂ ಅನ್ನುತ್ತಾರೆ. ನಮ್ಮ ಪತ್ರಿಕೆಗಳು ತರಂಗಾಂತರ ಅಂತ ಬರೆಯುತ್ತವೆ.

ಪಕ್ಕದೂರಿನ ಜಾತ್ರೆಯನ್ನು ನೆನಪು ಮಾಡಿಕೊಳ್ಳಿ. ಗುಡ್ಡದ ಆಚೆಯಿಂದ ಡೊಳ್ಳಿನ ದುಡುಂ ಮಾತ್ರ ಕೇಳುತ್ತದೆ. ತಾಳದ ಕಿಣಿಕಿಣಿ ಕೇಳುವುದಿಲ್ಲ. ರೇಡಿಯೊ ತರಂಗದ ಸ್ವಭಾವವೂ ಹೆಚ್ಚುಕಡಿಮೆ ಹೀಗೇ. 700 ಮೆಗಾಹರ್ಟ್ಸ್‌ನ ತರಂಗ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಮರಗಳ ನಡುವೆ ನುಸುಳುತ್ತದೆ. ಅದರ ಒಂದು ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್. 3,300 ಮೆಗಾಹರ್ಟ್ಸ್‌ಗೆ ಬಂದರೆ ಅಲೆಯ ಉದ್ದ 9 ಸೆಂಟಿಮೀಟರಿಗೆ ಇಳಿಯುತ್ತದೆ. ನಮ್ಮ ನಗರಗಳ 5ಜಿ ಹೆಚ್ಚಾಗಿ ಓಡುವುದು ಇದರ ಮೇಲೆ. 26 ಗಿಗಾಹರ್ಟ್ಸ್‌ನಲ್ಲಿ ಅಲೆ ಒಂದು ಸೆಂಟಿಮೀಟರಿಗಿಂತ ಚೂರು ಉದ್ದ, ಅಷ್ಟೇ. ಅದಕ್ಕೆ ಒಂದು ಕಾಂಕ್ರೀಟ್ ಗೋಡೆಯೇ ಜಾಸ್ತಿಯಾಯಿತು. ಎಲೆಗಳು ಸಹ ತಡೆಯುತ್ತವೆ. ಜೋರು ಮಳೆಯೂ ಅದನ್ನು ಕುಗ್ಗಿಸುತ್ತದೆ.

ಹಾಗಾದರೆ ಎಲ್ಲರೂ 700ನ್ನೇ ಬಳಸಬಹುದಲ್ಲ? ಇಲ್ಲೊಂದು ತೊಡಕಿದೆ. ಸುದ್ದಿ ಓದುವಾಗ ಗೊಂದಲ ಆಗುವುದೂ ಇಲ್ಲೇ. ಮೆಗಾಹರ್ಟ್ಸ್ ಅನ್ನುವ ಒಂದೇ ಪದವನ್ನು ಎರಡು ಬೇರೆ ಸಂಗತಿಗೆ ಬಳಸುತ್ತಾರೆ. "700 ಮೆಗಾಹರ್ಟ್ಸ್ ಬ್ಯಾಂಡ್" ಅಂದರೆ ತರಂಗ ಎಲ್ಲಿದೆ ಅನ್ನುವ ಜಾಗದ ಹೆಸರು, ಸರ್ವೆ ನಂಬರಿನ ಹಾಗೆ. "10 ಮೆಗಾಹರ್ಟ್ಸ್ ಕೊಂಡರು" ಅಂದರೆ ಆ ಜಾಗದಲ್ಲಿ ಎಷ್ಟು ಅಗಲ ಸಿಕ್ಕಿತು ಅನ್ನುವ ಲೆಕ್ಕ, ಎಕರೆ ಗುಂಟೆಯ ಹಾಗೆ. ಅಗಲ ಹೆಚ್ಚಿದ್ದಷ್ಟೂ ಡೇಟಾ ಜಾಸ್ತಿ ಹರಿಯುತ್ತದೆ. ಕಾಲುವೆಯ ತೂಬು ದೊಡ್ಡದಿದ್ದರೆ ನೀರು ಜಾಸ್ತಿ ಬರುವುದಿಲ್ಲವೇ, ಹಾಗೆ. 700ರ ಹತ್ತಿರ ಜಾಗ ತೀರಾ ಕಡಿಮೆ. 3,300ರಲ್ಲಿ ಒಂದು ಕಂಪನಿಗೆ 100 ಮೆಗಾಹರ್ಟ್ಸ್‌ನಷ್ಟು ಅಗಲವೂ ಸಿಗಬಹುದು. 26 ಗಿಗಾಹರ್ಟ್ಸ್‌ನಲ್ಲಿ ಅದಕ್ಕೂ ಎಷ್ಟೋ ಪಾಲು ಹೆಚ್ಚು. ದೂರ ಹೋಗುವ ತರಂಗ ಸ್ವಲ್ಪವೇ ಇದೆ. ಬೇಕಾದಷ್ಟು ಇರುವ ತರಂಗ ದೂರ ಹೋಗುವುದಿಲ್ಲ. ಸರ್ಕಾರದ ತರಂಗಾಂತರ ನೀತಿಯ ತಲೆನೋವೆಲ್ಲ ಶುರುವಾಗುವುದು ಇಲ್ಲಿಂದಲೇ.

ಮಲೆನಾಡಿನ ಕಣಿವೆಯಲ್ಲಿರುವ ಮನೆಗೆ ಮೊದಲು ಬೇಕಾದ್ದು ಡೊಳ್ಳಿನ ಜಾತಿಯ ತರಂಗ. ಮೆಜೆಸ್ಟಿಕ್‌ನಲ್ಲಿ ಏಕಕಾಲಕ್ಕೆ ವಿಡಿಯೊ ನೋಡುವ ಸಾವಿರಾರು ಜನರಿಗೆ ಬೇಕಾದ್ದು ಅಗಲ.

ಗಾಳಿ ಯಾರದ್ದು?

ಭಾವನ ಪ್ರಶ್ನೆಯ ಅರ್ಧಭಾಗಕ್ಕೆ ಸುಪ್ರೀಂ ಕೋರ್ಟ್ 1995ರಲ್ಲೇ ಉತ್ತರ ಕೊಟ್ಟಿದೆ. 1993ರ ಹೀರೊ ಕಪ್ ಕ್ರಿಕೆಟ್ ಪಂದ್ಯಗಳ ಪ್ರಸಾರದ ಬಗ್ಗೆ ಸರ್ಕಾರಕ್ಕೂ ಬಂಗಾಳ ಕ್ರಿಕೆಟ್ ಸಂಸ್ಥೆಗೂ ಜಗಳ ಆಗಿತ್ತು. ಆ ಮೊಕದ್ದಮೆಯಲ್ಲಿ ಕೋರ್ಟ್ ಹೇಳಿತು: ತರಂಗಗಳು ಸಾರ್ವಜನಿಕರ ಆಸ್ತಿ. ಅಂದರೆ ಸರ್ಕಾರ ಅವುಗಳ ಒಡೆಯ ಅಲ್ಲ, ಜನರ ಪರವಾಗಿ ನೋಡಿಕೊಳ್ಳುವವನು. ಕಂಪನಿಗಳು ಕೊಳ್ಳುವುದೂ ತರಂಗವನ್ನಲ್ಲ. ಇಷ್ಟು ವರ್ಷ, ಇಂಥ ವಲಯದಲ್ಲಿ ಬಳಸುವ ಹಕ್ಕನ್ನು ಮಾತ್ರ. ದೇಶವನ್ನು ಇದಕ್ಕಾಗಿ 22 ವಲಯಗಳಾಗಿ ಮಾಡಿದ್ದಾರೆ. ಕರ್ನಾಟಕವೇ ಒಂದು ವಲಯ.

ಹಾಗಾದರೆ ಗಾಳಿಗೆ ಬೇಲಿ ಯಾಕೆ? ಒಂದೇ ಜಾಗದಲ್ಲಿ, ಒಂದೇ ಆವರ್ತನದಲ್ಲಿ ಇಬ್ಬರು ಜೋರಾಗಿ ಮಾತಾಡಿದರೆ ಇಬ್ಬರದ್ದೂ ಕೇಳುವುದಿಲ್ಲ. ನೆರೆಯವರಿಗೂ ತೊಂದರೆ. ಬೆಂಗಳೂರಿನ ವಿಮಾನ ನಿಲ್ದಾಣದ ಹತ್ತಿರ ಇರುವವರಿಗೆ ಇದು ಅನುಭವಕ್ಕೆ ಬಂದಿದೆ. ವಿಮಾನ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಅಳೆಯುವ ಉಪಕರಣ 4.2ರಿಂದ 4.4 ಗಿಗಾಹರ್ಟ್ಸ್ ಬಳಸುತ್ತದೆ. 5ಜಿ ಇರುವುದು ಅದರ ಕೆಳಗಿನ ಪಕ್ಕದ ಮನೆಯಲ್ಲಿ. ಹಾಗಾಗಿ 2022ರ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆ ಒಂದು ಆದೇಶ ಮಾಡಿತು. ರನ್‌ವೇಯ ಎರಡೂ ತುದಿಗಳಿಂದ 2.1 ಕಿಲೋಮೀಟರ್, ನಡುಗೆರೆಯಿಂದ 910 ಮೀಟರ್ ಒಳಗೆ ಈ ಬ್ಯಾಂಡಿನ 5ಜಿ ಕೇಂದ್ರ ಬೇಡ ಅಂದಿತು. ಎಚ್ಚರಿಕೆಗೆ ಮಾಡಿದ ಕೆಲಸ, ಸರಿಯಾಗಿಯೇ ಇದೆ. ಸೇನೆ, ಇಸ್ರೊ, ವಿಮಾನ, ಟಿವಿ, ವೈಫೈ ಎಲ್ಲರೂ ಇದೇ ಸಾಲಿನಲ್ಲಿ ಜಾಗ ಹಂಚಿಕೊಂಡು ಬದುಕಬೇಕು. ಹಂಚಲು ಒಬ್ಬರು ಬೇಕೇ ಬೇಕು.

ಹಂಚುವ ಬಗೆ

ಕೇಳಿದವರಿಗೆ ಕೇಳಿದ ಕ್ರಮದಲ್ಲಿ ಕೊಡುವುದು ಒಂದು ದಾರಿ. ಅದರ ಗತಿ ಏನಾಯಿತು ಅಂತ 2008ರ ಜನವರಿ 10ರಂದು ದೆಹಲಿಯಲ್ಲಿ ದೂರಸಂಪರ್ಕ ಇಲಾಖೆಯ ಕಚೇರಿ ಸಂಚಾರ ಭವನದಲ್ಲಿ ದೇಶ ನೋಡಿತು. ಮಧ್ಯಾಹ್ನ 2.45ರ ಸುಮಾರಿಗೆ ಪ್ರಕಟಣೆ ಬಂತು: 3.30ಕ್ಕೆ ಬಂದು 2ಜಿ ಮೊಬೈಲ್ ಪರವಾನಗಿಯ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಮುಕ್ಕಾಲು ಗಂಟೆ ಸಮಯ. ದೇಶಪೂರ್ತಿ ಪರವಾನಗಿಗೆ ಬೆಲೆ 1,658 ಕೋಟಿ ರೂಪಾಯಿ. ಅದು 2001ರ ಬೆಲೆ. ಕಂಪನಿಗಳ ಜನ ಡಿಡಿ ಹಿಡಿದು ಓಡಿದರು, ಕೌಂಟರ್ ಮುಂದೆ ನೂಕಾಟ ಆಯಿತು. ಜಾಲ ಕಟ್ಟುವ ಮೊದಲೇ ಕೆಲವರು ಷೇರು ಮಾರಿ ಹಲವು ಪಟ್ಟು ಬೆಲೆ ಕಂಡುಕೊಂಡರು. ಮಹಾಲೇಖಪಾಲರ 2010ರ ವರದಿ ನಷ್ಟವನ್ನು ಹಲವು ಬಗೆಯಲ್ಲಿ ಅಂದಾಜು ಮಾಡಿತ್ತು. ಅದರಲ್ಲಿ ಅತಿ ದೊಡ್ಡ ಅಂಕಿ 1.76 ಲಕ್ಷ ಕೋಟಿ. ಜನರ ಬಾಯಲ್ಲಿ ಉಳಿದದ್ದು ಅದೇ. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ ಆ 122 ಪರವಾನಗಿಗಳನ್ನು ರದ್ದು ಮಾಡಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ ಮಾತ್ರ ವಿಶೇಷ ನ್ಯಾಯಾಲಯ 2017ರ ಡಿಸೆಂಬರಿನಲ್ಲಿ ಆರೋಪಿಗಳೆಲ್ಲರನ್ನೂ ಖುಲಾಸೆ ಮಾಡಿತು.

ಇನ್ನೊಂದು ದಾರಿ ಹರಾಜು. ಯಾರು ಜಾಸ್ತಿ ಕೊಡುತ್ತಾರೋ ಅವರಿಗೆ. ಇದರಲ್ಲಿ ಮುಚ್ಚುಮರೆ ಕಡಿಮೆ. 2010ರ 3ಜಿ ಮತ್ತು ಬ್ರಾಡ್‌ಬ್ಯಾಂಡ್ ಹರಾಜುಗಳಲ್ಲಿ ಸರ್ಕಾರಕ್ಕೆ ಸುಮಾರು 1.06 ಲಕ್ಷ ಕೋಟಿ ಬಂದಿತ್ತು. 2ಜಿ ತೀರ್ಪಿನ ನಂತರ ಮೊಬೈಲ್ ತರಂಗ ಅಂದರೆ ಹರಾಜೇ ಅಂತ ಆಯಿತು. ಈ ಬದಲಾವಣೆ ಒಳ್ಳೆಯದೇ ಅಂತ ನನ್ನ ನಂಬಿಕೆ. ಸಾರ್ವಜನಿಕರ ಆಸ್ತಿಯನ್ನು ಕೌಂಟರಿನಲ್ಲಿ ನೂಕಾಡಿದವರಿಗೆ ಕೊಡುವುದು ತಪ್ಪು.

ಆದರೆ 1.76 ಲಕ್ಷ ಕೋಟಿ ಅನ್ನುವ ಅಂಕಿ ಇನ್ನೊಂದು ಹಾನಿ ಮಾಡಿತು. ತರಂಗ ಅಂದರೆ ಖಜಾನೆ ತುಂಬುವ ನಿಧಿ ಅನ್ನುವ ಭಾವನೆ ಬೇರೂರಿತು. ಕಡಿಮೆ ಬೆಲೆಗೆ ಕೊಟ್ಟರೆ ನಾಳೆ ಹಗರಣ ಅಂದಾರು ಅನ್ನುವ ಭಯ ಅಧಿಕಾರಿಗಳಿಗೆ. ಹೀಗಾಗಿ ಹರಾಜಿನ ಕನಿಷ್ಠ ಬೆಲೆಯೇ ಮೇಲೇರುತ್ತಾ ಹೋಯಿತು. 2012ರ ನವೆಂಬರಿನಲ್ಲಿ ರದ್ದಾದ ತರಂಗವನ್ನು ಮತ್ತೆ ಹರಾಜಿಗೆ ಇಟ್ಟಾಗ ಬಂದದ್ದು 9,407 ಕೋಟಿ ಮಾತ್ರ. ನಮ್ಮ ಕರ್ನಾಟಕ ವಲಯಕ್ಕೆ ಒಬ್ಬರೂ ಬಿಡ್ ಮಾಡಲಿಲ್ಲ. ದೆಹಲಿ, ಮುಂಬೈ, ರಾಜಸ್ಥಾನದ ಕಥೆಯೂ ಅದೇ.

ಆರು ವರ್ಷ ಖಾಲಿ ಬಿದ್ದ 700

ಈಗ ಭಾವನ ಹಲಸಿನ ಮರದ ಹತ್ತಿರ ಬರೋಣ. ಆ ಕಣಿವೆಗೆ ತೀರಾ ಬೇಕಾಗಿದ್ದ 700 ಮೆಗಾಹರ್ಟ್ಸ್ ಬ್ಯಾಂಡನ್ನು ಸರ್ಕಾರ ಮೊದಲ ಸಲ ಹರಾಜಿಗೆ ಇಟ್ಟಿದ್ದು 2016ರ ಅಕ್ಟೋಬರಿನಲ್ಲಿ. ಕನಿಷ್ಠ ಬೆಲೆ ದೇಶಪೂರ್ತಿಗೆ ಪ್ರತಿ ಮೆಗಾಹರ್ಟ್ಸ್‌ಗೆ 11,485 ಕೋಟಿ. ಕನಿಷ್ಠ 5 ಮೆಗಾಹರ್ಟ್ಸ್ ಕೊಳ್ಳಬೇಕು. ಅಂದರೆ 57,425 ಕೋಟಿ, ಅದೂ ಟವರ್ ಕಟ್ಟುವ ಮೊದಲು. ಒಬ್ಬರೂ ಮುಂದೆ ಬರಲಿಲ್ಲ. ಆ ಹರಾಜಿನಲ್ಲಿ ಬೇರೆ ಬ್ಯಾಂಡುಗಳಿಂದ 65,789 ಕೋಟಿ ಬಂತು, 700 ಹಾಗೇ ಉಳಿಯಿತು.

ಬೆಲೆ ಇಳಿಸಿ 6,568 ಕೋಟಿ ಮಾಡಿದರು. 2021ರ ಮಾರ್ಚಿನಲ್ಲಿ ಮತ್ತೆ ಇಟ್ಟರು. ಆಗಲೂ ಯಾರೂ ಮುಟ್ಟಲಿಲ್ಲ. 2022ಕ್ಕೆ ಇನ್ನೂ ಇಳಿಸಿ 3,927 ಕೋಟಿ ಮಾಡಿದ ಮೇಲೆ ಜಿಯೊ 10 ಮೆಗಾಹರ್ಟ್ಸ್ ಕೊಂಡಿತು. 39,270 ಕೋಟಿಗೆ.

2016ರಿಂದ 2022. ಆ ಆರು ವರ್ಷಗಳಲ್ಲಿ ಏನೇನಾಯಿತು ಅಂತ ನೋಡಿ. ಕೊರೊನಾ ಬಂತು. ಶಾಲೆಗಳು ಮುಚ್ಚಿದವು. ಮಲೆನಾಡಿನ, ಕರಾವಳಿಯ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು, ಮಳೆಯಲ್ಲಿ ಕೊಡೆ ಹಿಡಿದು ಕೂತು ಪಾಠ ಕೇಳಿದರು. ಅಕ್ಕನ ಮನೆಯ ದಬ್ಬೆ ಕಟ್ಟಿದ್ದೂ ಆಗಲೇ. ಗೋಡೆ ದಾಟಬಲ್ಲ, ಗುಡ್ಡದ ಅಂಚು ಸುತ್ತಿ ಬರಬಲ್ಲ ಒಳ್ಳೆಯ ತರಂಗ ಅದೇ ಹೊತ್ತಿಗೆ ಅವರ ತಲೆಯ ಮೇಲೇ ಖಾಲಿ ಇತ್ತು. ಬೆಲೆ ಜಾಸ್ತಿಯಾಗಿ ಮಾರಾಟವಾಗದೆ ಇತ್ತು.

ನನಗೆ ತುಂಬಾ ಸಂಕಟ ಕೊಡುವ ಸಂಗತಿ ಇದು. ಹೊಲವನ್ನು ಒಂದು ವರ್ಷ ಬೀಳು ಬಿಟ್ಟರೆ ಮಣ್ಣು ಸುಧಾರಿಸಿಕೊಳ್ಳುತ್ತದೆ, ಮುಂದಿನ ವರ್ಷ ಬೆಳೆ ಚೆನ್ನಾಗಿ ಬರಬಹುದು. ಕಲ್ಲಿದ್ದಲನ್ನು ಅಗೆಯದಿದ್ದರೆ ಅದು ನೆಲದೊಳಗೇ ಇರುತ್ತದೆ. ತರಂಗ ಹಾಗಲ್ಲ. ಇವತ್ತು ಬಳಸದ ತರಂಗ ನಾಳೆಗೆ ಉಳಿಯುವುದಿಲ್ಲ. ಇವತ್ತಿನ ದಿನದ್ದು ಇವತ್ತಿಗೇ ಮುಗಿಯಿತು. ಬೆಲೆ ಕಡಿಮೆ ಇಟ್ಟರೆ ಆಗುವ ನಷ್ಟವನ್ನು ಲೆಕ್ಕ ಹಾಕಿ ವರದಿ ಬರೆಯುತ್ತೇವೆ. ಬೆಲೆ ಜಾಸ್ತಿ ಇಟ್ಟು ಬೀಳು ಬಿಟ್ಟರೆ ಆಗುವ ನಷ್ಟವನ್ನು ಅಷ್ಟೇ ಗಟ್ಟಿಯಾಗಿ ಯಾರೂ ಲೆಕ್ಕ ಹಾಕುವುದಿಲ್ಲ.

ಟವರ್ ಇಲ್ಲದ್ದಕ್ಕೆ ತರಂಗವೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಮೂವತ್ತು ಮನೆಯ ಊರಿಗೆ ಟವರ್ ಹಾಕಿದರೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ ಅಂತ ಕಂಪನಿಗಳು ಲೆಕ್ಕ ಹಾಕುತ್ತವೆ. ಆದರೆ ದೂರ ಹೋಗುವ ತರಂಗ ಇದ್ದರೆ ಕಡಿಮೆ ಟವರುಗಳಲ್ಲಿ ಹೆಚ್ಚು ಊರು ಮುಟ್ಟಬಹುದು. ಆಗ ಆ ಲೆಕ್ಕವೇ ಬದಲಾಗುತ್ತದೆ.

2022ರ ಹರಾಜಿನ ಒಳಗೆ

5ಜಿ ಹರಾಜು 2022ರ ಜುಲೈ 26ರಂದು ಶುರುವಾಗಿ ಆಗಸ್ಟ್ 1ಕ್ಕೆ ಮುಗಿಯಿತು. ಏಳು ದಿನ, 40 ಸುತ್ತು. ಸುತ್ತಿಗೆ ಕುಟ್ಟುವ ಹರಾಜು ಅಲ್ಲ ಇದು. ಎಲ್ಲರೂ ಕಂಪ್ಯೂಟರ್ ಮುಂದೆ ಕೂತು, ಯಾವ ವಲಯದಲ್ಲಿ ಯಾವ ಬ್ಯಾಂಡ್ ಎಷ್ಟು ಬೇಕು ಅಂತ ಒಂದೇ ಸಲ ಹೇಳುತ್ತಾರೆ. ಇರುವುದಕ್ಕಿಂತ ಕೇಳಿದ್ದು ಜಾಸ್ತಿ ಆದ ಕಡೆ ಮಾತ್ರ ಮುಂದಿನ ಸುತ್ತಿನಲ್ಲಿ ಬೆಲೆ ಏರುತ್ತದೆ. ಕೇಳುವವರು ಹಿಂದೆ ಸರಿದು, ಇದ್ದದ್ದಕ್ಕೂ ಕೇಳಿದ್ದಕ್ಕೂ ತಾಳೆಯಾದಾಗ ಹರಾಜು ನಿಲ್ಲುತ್ತದೆ.

ಆ ಏಳು ದಿನದಲ್ಲಿ ಬಹುತೇಕ ಎಲ್ಲ ಕಡೆ ಕನಿಷ್ಠ ಬೆಲೆಗೇ ಮಾರಾಟವಾಯಿತು. ಎಳೆದಾಟ ನಡೆದದ್ದು ಮುಖ್ಯವಾಗಿ ಒಂದು ಕಡೆ, ಉತ್ತರ ಪ್ರದೇಶ ಪೂರ್ವ ವಲಯದ 1,800 ಮೆಗಾಹರ್ಟ್ಸ್‌ಗೆ. ಅಲ್ಲಿ ಕನಿಷ್ಠ ಬೆಲೆ ಪ್ರತಿ ಮೆಗಾಹರ್ಟ್ಸ್‌ಗೆ 91 ಕೋಟಿ ಇತ್ತು. ನಿಲ್ಲುವಾಗ 160 ಕೋಟಿ ದಾಟಿತ್ತು. ಹರಾಜಿನ ನಿಜವಾದ ಕೆಲಸ ಅದು. ಯಾರಿಗೆ ಯಾವುದು ಎಷ್ಟು ಮುಖ್ಯ ಅಂತ ಹೊರಗೆ ತರುವುದು. ಉಳಿದ ಕಡೆ ಬೆಲೆ ಕಟ್ಟಿದ್ದು ಪೇಟೆಯಲ್ಲ, ದೆಹಲಿಯ ಕಡತ.

ಒಟ್ಟು ಬಂದದ್ದು 1,50,173 ಕೋಟಿ. ಜಿಯೊ 88,078 ಕೋಟಿ, ಏರ್‌ಟೆಲ್ 43,084 ಕೋಟಿ, ವೊಡಾಫೋನ್ ಐಡಿಯಾ 18,799 ಕೋಟಿ, ಅದಾನಿ ಡೇಟಾ ನೆಟ್‌ವರ್ಕ್ಸ್ 212 ಕೋಟಿ. ಇಟ್ಟಿದ್ದರಲ್ಲಿ ನೂರಕ್ಕೆ 71 ಪಾಲು ಮಾರಾಟವಾಯಿತು. 600 ಮೆಗಾಹರ್ಟ್ಸ್‌ಗೆ ಒಬ್ಬರೂ ಕೈ ಹಾಕಲಿಲ್ಲ. ಅದು 700ಕ್ಕಿಂತ ಇನ್ನೂ ದೂರ ಹೋಗುವ ತರಂಗ. ಆದರೆ ಅದಕ್ಕೆ ಹೊಂದುವ ಉಪಕರಣಗಳು ಇನ್ನೂ ಅಷ್ಟಾಗಿ ಬಂದಿರಲಿಲ್ಲ. ಎರಡು ವರ್ಷದ ನಂತರ, 2024ರ ಜೂನಿನಲ್ಲಿ, 96,238 ಕೋಟಿ ಬೆಲೆಯ ತರಂಗ ಹರಾಜಿಗೆ ಬಂತು. ಹೋದದ್ದು 11,340 ಕೋಟಿಯದ್ದು ಮಾತ್ರ.

ಒಳ್ಳೆಯದನ್ನೂ ಹೇಳಬೇಕು. 2022ರ ಹರಾಜಿನ ಷರತ್ತುಗಳು ಹಿಂದಿನದಕ್ಕಿಂತ ಎಷ್ಟೋ ಮೇಲು. ದುಡ್ಡನ್ನು 20 ಸಮಾನ ಕಂತುಗಳಲ್ಲಿ ಕಟ್ಟಬಹುದು. ಹತ್ತು ವರ್ಷದ ನಂತರ ಬೇಡವಾದರೆ ವಾಪಸ್ ಕೊಡಬಹುದು. ಹೊಸದಾಗಿ ಕೊಂಡ ತರಂಗಕ್ಕೆ ಪ್ರತಿವರ್ಷದ ಬಳಕೆ ಶುಲ್ಕ ಇಲ್ಲ.

ಕೊನೆಗೆ ಕಟ್ಟುವವರು ಯಾರು?

ಹರಾಜಿನ ದುಡ್ಡು ನಮ್ಮ ರೀಚಾರ್ಜಿನಿಂದಲೇ ಬರುತ್ತದೆ, ಅಲ್ವಾ? ಒಂದು ಚಿಕ್ಕ ಲೆಕ್ಕ ಮಾಡೋಣ. 2022ರ ಹರಾಜಿನ ವರ್ಷದ ಕಂತು ಬಡ್ಡಿ ಸೇರಿ ಸುಮಾರು 13,365 ಕೋಟಿ. ದೇಶದಲ್ಲಿ ಇರುವ ಮೊಬೈಲ್ ಸಂಪರ್ಕ ಸುಮಾರು 115 ಕೋಟಿ. ಹಂಚಿದರೆ ಒಂದು ಸಿಮ್ಮಿಗೆ ವರ್ಷಕ್ಕೆ 116 ರೂಪಾಯಿ, ತಿಂಗಳಿಗೆ ಹತ್ತರ ಹತ್ತಿರ. ಇದು ಒಂದು ಹರಾಜಿನದ್ದು ಮಾತ್ರ. ಹಳೆಯ ಹರಾಜುಗಳ ಕಂತು ಬೇರೆ ಇದೆ.

ಆದರೆ ಈ ಹತ್ತು ರೂಪಾಯಿ ನೇರವಾಗಿ ನಿಮ್ಮ ಬಿಲ್ಲಿಗೆ ಸೇರುತ್ತದೆ ಅಂತ ಹೇಳಿದರೆ ಪೂರ್ತಿ ಸರಿಯಲ್ಲ. ಒಮ್ಮೆ ಕೊಟ್ಟ ಹರಾಜಿನ ಹಣ ಮುಳುಗಿದ ದುಡ್ಡು. ಕಂಪನಿ ನಾಳೆಯ ದರ ಕಟ್ಟುವಾಗ ಪಕ್ಕದ ಕಂಪನಿ ಎಷ್ಟಕ್ಕೆ ಕೊಡುತ್ತಿದೆ ಅಂತ ನೋಡುತ್ತದೆ. ಪೈಪೋಟಿ ಜೋರಿದ್ದರೆ ನಷ್ಟ ತಾಳಿಯಾದರೂ ದರ ಇಳಿಸುತ್ತದೆ. ಹಾಗಾದರೆ ಬೆಲೆ ಜಾಸ್ತಿ ಇಟ್ಟರೆ ನಮಗೇನು? ಏನು ಅಂದರೆ, ದುಬಾರಿ ತರಂಗ, ಅದರ ಮೇಲಿನ ಸಾಲ, ಬಾಕಿಗಳ ಭಾರ ತಾಳಲಾರದೆ ಬಡ ಕಂಪನಿಗಳು ಒಂದೊಂದಾಗಿ ಮುಳುಗುತ್ತವೆ. ಆಮೇಲೆ ಪೈಪೋಟಿಯೇ ಇರುವುದಿಲ್ಲ.

ನಮ್ಮ ರಾಜ್ಯದಲ್ಲೇ ನೆನಪು ಮಾಡಿಕೊಳ್ಳಿ. ಸ್ಪೈಸ್ ಇತ್ತು. ಏರ್‌ಸೆಲ್, ಯೂನಿನಾರ್, ಟಾಟಾ ಡೊಕೊಮೊ, ಎಂಟಿಎಸ್, ರಿಲಯನ್ಸ್ ಕಮ್ಯುನಿಕೇಷನ್ಸ್ ಇದ್ದವು. ಮೂಲೆ ಅಂಗಡಿಗೆ ಹೋಗಿ ಹತ್ತು ರೂಪಾಯಿ ಕರೆನ್ಸಿ ಹಾಕಿಸಿದ್ದು ಇನ್ನೂ ನೆನಪಿದೆ. ಎಲ್ಲ ಹೋದದ್ದು ತರಂಗದ ಬೆಲೆಯಿಂದಲೇ ಅಲ್ಲ. ಕೋರ್ಟ್ ತೀರ್ಪು, ವಿಲೀನ, ದರ ಸಮರ ಎಲ್ಲ ಸೇರಿತ್ತು. ಈಗ ಖಾಸಗಿಯಲ್ಲಿ ಮೂವರು. ಅವರಲ್ಲಿ ವೊಡಾಫೋನ್ ಐಡಿಯಾ ಸರ್ಕಾರಕ್ಕೆ ಕಟ್ಟಬೇಕಿದ್ದ ಬಾಕಿಯ ಒಂದು ಪಾಲು 2025ರಲ್ಲಿ ಷೇರಾಗಿ ಬದಲಾಗಿ, ಸರ್ಕಾರವೇ ಅದರ ಸುಮಾರು ಅರ್ಧಕ್ಕೆ ಒಡೆಯ ಆಗಿದೆ. ಹರಾಜಿನ ಪುಸ್ತಕದಲ್ಲಿ ಬರೆದ ದುಡ್ಡು ಎಲ್ಲವೂ ಕೈಗೆ ಬರುವ ದುಡ್ಡಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ. ಖಾಸಗಿ ಕಂಪನಿಗಳು 2024ರ ಜುಲೈನಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ದರ ಏರಿಸಿದಾಗ, ಬೇರೆ ಕಡೆ ಹೋಗುತ್ತೇವೆ ಅನ್ನಲು ನಮಗೆ ಉಳಿದದ್ದು ಬಿಎಸ್ಎನ್ಎಲ್ ಒಂದೇ.

ಕೊಂಡವರು ಬಳಸದಿದ್ದರೆ?

ಮಾರಾಟವಾಗದೆ ಬೀಳು ಬೀಳುವುದು ಒಂದು. ಕೊಂಡವರೇ ಬೀಳು ಬಿಡುವುದು ಇನ್ನೊಂದು. ಅದಾನಿ ಕಂಪನಿ 2022ರಲ್ಲಿ 26 ಗಿಗಾಹರ್ಟ್ಸ್‌ನಲ್ಲಿ ಒಟ್ಟು 400 ಮೆಗಾಹರ್ಟ್ಸ್ ಕೊಂಡಿತ್ತು, ಅದರಲ್ಲಿ 50 ಕರ್ನಾಟಕ ವಲಯದ್ದು. 2025ರ ಏಪ್ರಿಲಿನಲ್ಲಿ ಅದನ್ನು ಏರ್‌ಟೆಲ್‌ಗೆ ವರ್ಗಾಯಿಸುವ ಒಪ್ಪಂದ ಆಯಿತು. ಹೀಗೆ ಕೈ ಬದಲಾಗುವುದು ತಪ್ಪಲ್ಲ. ಬಳಸುವವರ ಕೈಗೆ ಹೋದರೆ ಒಳ್ಳೆಯದೇ.

ಹಳೆಯ 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಅದರಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಒಂದು ಮಾತಿದೆ. ಸರಿಯಾದ ಕಾರಣ ಇಲ್ಲದೆ ತರಂಗವನ್ನು ಬಳಸದೆ ಇಟ್ಟುಕೊಂಡರೆ ಸರ್ಕಾರ ಅದನ್ನು ವಾಪಸ್ ಪಡೆಯಬಹುದು. ತರಂಗವನ್ನು ಹಂಚಿಕೊಳ್ಳಲು, ಇನ್ನೊಬ್ಬರಿಗೆ ಬಾಡಿಗೆಗೆ ಕೊಡಲೂ ಅವಕಾಶ ಇದೆ. ಕಾಗದದ ಮೇಲೆ ಇದು ಒಳ್ಳೆಯ ಅಸ್ತ್ರ. ಆದರೆ "ಬಳಸುವುದು" ಅಂದರೆ ಏನು? ಕರ್ನಾಟಕ ವಲಯದ ತರಂಗವನ್ನು ಬೆಂಗಳೂರಿನಲ್ಲಿ ಬಳಸಿ ಹೊಸನಗರದಲ್ಲಿ ಬಳಸದಿದ್ದರೆ ಅದು ಬಳಕೆಯೋ, ಬೀಳೋ? ವಲಯ ಇಡೀ ರಾಜ್ಯದಷ್ಟು ದೊಡ್ಡದು. ತಾಲ್ಲೂಕು ಮಟ್ಟದಲ್ಲಿ ನೋಡದಿದ್ದರೆ ಆ ಮಾತು ಭಾವನ ಅಂಗಳದವರೆಗೆ ಬರುವುದೇ ಇಲ್ಲ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಕಂಪನಿಗಳ ಆದಾಯದಲ್ಲಿ ನೂರಕ್ಕೆ 5ರಷ್ಟನ್ನು ಹಳ್ಳಿಗಳ ಸಂಪರ್ಕಕ್ಕಾಗಿ ತೆಗೆದಿಡುವ ನಿಧಿ ಇದೆ. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. 2022ರ ಜುಲೈನಲ್ಲಿ, ಸಂಪರ್ಕವೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕೆಲಸ ಬಿಎಸ್ಎನ್ಎಲ್‌ನದ್ದು. ಅದಕ್ಕೆ 700 ಬ್ಯಾಂಡಿನಲ್ಲೂ ಹರಾಜಿಲ್ಲದೆ ಜಾಗ ಕೊಟ್ಟಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕ ಅದರ ಸ್ವದೇಶಿ 4ಜಿ ಜಾಲದ ರೇಡಿಯೊ ಉಪಕರಣ ಮಾಡಿದ್ದು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಇದು ನಿಜಕ್ಕೂ ಹೆಮ್ಮೆಯ ವಿಷಯ.

6ಜಿ ಬಂದರೆ?

6ಜಿ 2030ರ ಹೊತ್ತಿಗೆ ಬರುವ ಲೆಕ್ಕದಲ್ಲಿ ಕೆಲಸ ನಡೆದಿದೆ. ಯಾವ ತರಂಗದಲ್ಲಿ ಅನ್ನುವುದನ್ನು ಒಂದು ದೇಶ ಒಂಟಿಯಾಗಿ ತೀರ್ಮಾನಿಸುವುದಿಲ್ಲ. ನಾಲ್ಕು ವರ್ಷಕ್ಕೊಮ್ಮೆ ವಿಶ್ವ ರೇಡಿಯೊ ಸಮ್ಮೇಳನ ಸೇರುತ್ತದೆ. ಹಿಂದಿನದು 2023ರಲ್ಲಿ ದುಬೈನಲ್ಲಿ, ಮುಂದಿನದು 2027ರಲ್ಲಿ ಶಾಂಘೈನಲ್ಲಿ. ಎಲ್ಲ ದೇಶಗಳು ಒಂದೇ ಬ್ಯಾಂಡ್ ಒಪ್ಪಿಕೊಂಡರೆ ಫೋನು, ಉಪಕರಣ ಅಗ್ಗವಾಗುತ್ತವೆ. ಇಲ್ಲದಿದ್ದರೆ ನಮಗಾಗಿಯೇ ಬೇರೆ ಮಾಡಿಸಬೇಕು. 7ರಿಂದ 8.4 ಗಿಗಾಹರ್ಟ್ಸ್ ನಡುವಿನ ಜಾಗದ ಮೇಲೆ ಎಲ್ಲರ ಕಣ್ಣಿದೆ.

ಜಗಳ ಆಗಲೇ ಶುರುವಾಗಿರುವುದು 6 ಗಿಗಾಹರ್ಟ್ಸ್‌ನಲ್ಲಿ. ವೈಫೈ ಕಂಪನಿಗಳು ಅದನ್ನು ಪರವಾನಗಿ ಇಲ್ಲದೆ ಎಲ್ಲರಿಗೂ ಬಿಡಿ ಅನ್ನುತ್ತವೆ. ಮೊಬೈಲ್ ಕಂಪನಿಗಳು ನಮಗೆ ಹರಾಜು ಹಾಕಿ ಅನ್ನುತ್ತವೆ. ಅಮೆರಿಕ 2020ರಲ್ಲಿ 1,200 ಮೆಗಾಹರ್ಟ್ಸ್ ಪೂರ್ತಿ ವೈಫೈಗೆ ಬಿಟ್ಟಿತು. ಚೀನಾ ಮೊಬೈಲ್ ಕಡೆ ವಾಲಿತು. ಭಾರತ ನಡುವಿನ ದಾರಿ ಹಿಡಿದಿದೆ. ಕೆಳಗಿನ 500 ಮೆಗಾಹರ್ಟ್ಸ್ ಅನ್ನು ಕಡಿಮೆ ಶಕ್ತಿಯ ವೈಫೈಗೆ ಮುಕ್ತ ಮಾಡುವ ಕರಡು ನಿಯಮ 2025ರಲ್ಲಿ ಬಂತು. ಮೇಲಿನ 700 ಮೊಬೈಲ್‌ಗೆ. ನನಗೆ ಇದು ಸರಿ ಅನ್ನಿಸುತ್ತದೆ. ನಾವು ಡೇಟಾ ಬಳಸುವುದು ಬಹುಪಾಲು ಮನೆ, ಕಚೇರಿಯ ಒಳಗೆ ಕೂತೇ ಅಲ್ವಾ?

ಉಪಗ್ರಹದ ಇಂಟರ್ನೆಟ್ ಬೇರೆಯೇ ಕಥೆ. ಅದರ ತರಂಗಕ್ಕೆ ಹರಾಜಿಲ್ಲ, 2023ರ ಕಾಯ್ದೆಯಲ್ಲೇ ಹಾಗೆ ಬರೆದಿದೆ. ಒಂದೇ ತರಂಗವನ್ನು ಹಲವು ಉಪಗ್ರಹ ಕಂಪನಿಗಳು ಹೊಂದಿಕೊಂಡು ಬಳಸಬಹುದು ಅನ್ನುವುದು ಕಾರಣ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2025ರ ಮೇ ತಿಂಗಳಲ್ಲಿ ಆದಾಯದ ನೂರಕ್ಕೆ 4ರಷ್ಟು ಶುಲ್ಕ ಸಾಕು ಅಂತ ಶಿಫಾರಸು ಮಾಡಿತು. ನಗರದ ಪ್ರತಿ ಗ್ರಾಹಕನಿಗೆ ವರ್ಷಕ್ಕೆ 500 ರೂಪಾಯಿ ಹೆಚ್ಚುವರಿ, ಹಳ್ಳಿಗೆ ಇಲ್ಲ. ಹಳ್ಳಿ ಕಡೆ ಹೋಗುವವರಿಗೆ ಹೊರೆ ಕಡಿಮೆ ಅನ್ನುವ ಆ ಯೋಚನೆ ಮೊಬೈಲ್ ಹರಾಜಿನ ಷರತ್ತುಗಳಲ್ಲೂ ಕಾಣಬೇಕಿತ್ತು.

6ಜಿಯ ಆ 7 ಗಿಗಾಹರ್ಟ್ಸ್ ತರಂಗ ಬಂದರೂ ಅದು ಭಾವನ ತೋಟದ ಮೊದಲ ಸಾಲಿನ ಅಡಿಕೆ ಮರಗಳನ್ನು ದಾಟುವುದೇ ಕಷ್ಟ. ಅವರಿಗೆ ಬೇಕಾದ್ದು 6ಜಿ ಅಲ್ಲ. 600, 700ರ ತರಂಗದಲ್ಲಿ ಒಂದು ಗಟ್ಟಿ 4ಜಿ ಬಂದರೂ ಸಾಕು. ಹಾಗಾಗಿ ಮುಂದಿನ ಹರಾಜಿನ ಸುದ್ದಿ ಬಂದಾಗ ನಾನು ಒಟ್ಟು ಎಷ್ಟು ಲಕ್ಷ ಕೋಟಿ ಅಂತ ನೋಡುವುದಿಲ್ಲ. ಕೆಳಗಿನ ಬ್ಯಾಂಡುಗಳ ಕನಿಷ್ಠ ಬೆಲೆ ಎಷ್ಟು, ಕೊಂಡವರು ಯಾವ ವರ್ಷ ಎಷ್ಟು ಊರಿಗೆ ಸಿಗ್ನಲ್ ಕೊಡಬೇಕು ಅಂತ ಬರೆದಿದೆ, ಕೊಡದಿದ್ದರೆ ಏನು ಅಂತ ನೋಡುತ್ತೇನೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ನಾವು ಯಾರಿಗೆ ಹೇಳದು?" ಅಂದರು. ಹೇಳಲು ಜಾಗ ಇದೆ. ಸಾಮಾನ್ಯವಾಗಿ ಹರಾಜಿಗೆ ಮೊದಲು ಟ್ರಾಯ್ ಒಂದು ಸಮಾಲೋಚನಾ ಪತ್ರವನ್ನು ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಅದಕ್ಕೆ ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು. ಬಂದ ಪತ್ರಗಳನ್ನು ಅಲ್ಲೇ ಪ್ರಕಟಿಸುತ್ತಾರೆ. ಅಲ್ಲಿ ಕಂಪನಿಗಳ ದಪ್ಪ ದಪ್ಪ ಪತ್ರಗಳು ಕಾಣುತ್ತವೆ, ಊರಿನವರ ಪತ್ರ ಅಪರೂಪ. ಮುಂದಿನ ಪತ್ರ ಬಂದಾಗ ಅಕ್ಕನ ಮಗಳು ಬರೆಯುತ್ತಾಳಂತೆ. ಬಳಕೆಯ ಲೆಕ್ಕವನ್ನು ವಲಯವಾರು ಬೇಡ, ತಾಲ್ಲೂಕುವಾರು ಕೇಳಿ ಅನ್ನುವುದು ಮೊದಲ ಸಾಲು. ಹಲಸಿನ ಮರದ ಫೋಟೊವನ್ನೂ ಜೊತೆಗೆ ಲಗತ್ತಿಸುತ್ತಾಳಂತೆ.